ಯಾವ ಹೆಜ್ಜೆಯಲ್ಲಿ ತಪ್ಪು

"ನಿಲ್ಲಿಸಿದ್ರೆ ಮಾತ್ರ ಹಿಡಿಯುತ್ತೆ," ಎನ್ನುತ್ತ, ಎಲ್ಲರೂ ಮೀಸೆ ಎಂದೇ ಕರೆಯುವ, ಸತ್ತವನ ಶಿಷ್ಯ ಶವಪೆಟ್ಟಿಗೆಯ ಒಂದು ತುದಿಯನ್ನು ಲಿಫ್ಟಿನೊಳಗೆ ತೂರಿಸಿ, ಇನ್ನೊಂದು ತುದಿಯನ್ನು ಮೇಲೆತ್ತತೊಡಗಿದ.

"ಏಯ್, ಒಳಗಿರೋದು ನಮ್ಮಣ್ಣ ಕಣಯ್ಯಾ, ಕಬ್ಬಿಣದ ಬೀರು ಅಲ್ಲ!" ಸತ್ತವನ ತಮ್ಮ ಕೂಗಿದ.

"ಹಂಗಂತ ಇಷ್ಟು ಮಹಡಿ ಮೆಟ್ಟಿಲಲ್ಲಿ ಹೊರ್ತೀರಾ? ತಿರುವಿನಲ್ಲಿ ಪೆಟ್ಟಿಗೆ ತಿರುಗಲ್ಲ. ಮೇಷ್ಟ್ರು ಇದ್ದಿದ್ರೆ ಅವರೂ ಇದನ್ನೇ ಹೇಳ್ತಿದ್ರು."

"ಅವನಿದ್ದಿದ್ರೆ ನಾವ್ಯಾಕೆ ಹೊರ್ತಿದ್ವಿ?"

ಹಿಂದೆ ನಿಂತಿದ್ದ ಯಾರೋ ನಕ್ಕು, ಆ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಪೆಟ್ಟಿಗೆ ನೆಟ್ಟಗೆ ನಿಂತಿತು. ಒಳಗೆ ಮೈ ಜಾರಿ ತಳಕ್ಕೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು. ಸತ್ತವನ ಮಗಳು ಗೋಡೆ ಹಿಡಿದುಕೊಂಡಳು. ಅವಳ ಅಮ್ಮ ಕದಲಲಿಲ್ಲ.

ಸತ್ತವನು ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವನು. ಕೆಲಸದ ಜಾಗದಲ್ಲಿ ಅವನಿಗೆ ಯಾಕಪ್ಪ ಎಂದೇ ಹೆಸರು. ಲಿಫ್ಟ್ ನಿಂತಿತೆಂದರೆ ಬೇರೆಯವರು ಸ್ಕ್ರೂಡ್ರೈವರಿಗೆ ಕೈಹಾಕುತ್ತಿದ್ದರು, ಅವನು "ಯಾಕೆ?" ಎಂದು ಕೇಳಿಕೊಂಡು ಸುಮ್ಮನೆ ನಿಲ್ಲುತ್ತಿದ್ದ. ಕರೆಂಟ್ ಬರ್ತಿದೆಯಾ? ಬರ್ತಿದೆ. ಬಾಗಿಲು ಪೂರ್ತಿ ಮುಚ್ಚಿದೆಯಾ? ಮುಚ್ಚಿದೆ. ಒಂದೊಂದನ್ನೇ ತೆಗೆದುಹಾಕುತ್ತ ಹೋದರೆ ಕೊನೆಗೆ ಉಳಿಯುವುದೇ ಕಾರಣ. ಮೀಸೆಯಂಥವರು ಅವನ ಕೈಕೆಳಗೆ ಕಲಿತದ್ದೂ ಇದನ್ನೇ. ಅವನು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಆ ತಲೆಯನ್ನು ಕೆಲಸದ ಚೀಲದ ಜೊತೆ ಗೂಟಕ್ಕೆ ನೇತುಹಾಕಿ ಮನೆಯೊಳಗೆ ಬಂದಿದ್ದರೆ ಹೆಂಡತಿಯೂ ಮಗಳೂ ಬದುಕಿಕೊಳ್ಳುತ್ತಿದ್ದರು. ಅವನು ಅದನ್ನು ಊಟದ ಮೇಜಿಗೂ ತಂದು ಕೂರುತ್ತಿದ್ದ.

ನಿನ್ನೆ ಬೆಳಗ್ಗೆ ಅವನನ್ನು ಮೊದಲು ಕಂಡವಳು, ಆಚೆ ಕೋಣೆಯಿಂದ ಎದ್ದು ಬಂದ ಮಗಳು. ನಡುಮನೆಯಲ್ಲಿದ್ದ ಅವನ ಮಂಚ ಖಾಲಿಯಿತ್ತು. ಅಮ್ಮನ ಕೋಣೆಯ ಹೊರಗೆ, ಮುಚ್ಚಿದ ಬಾಗಿಲಿಗೆ ಹಣೆ ಒತ್ತಿಕೊಂಡು, ಮಂಡಿ ಮಡಿಚಿ ಬಿದ್ದಿದ್ದ. ಮೈ ತಣ್ಣಗಾಗಿತ್ತು. ಒಳಗಿನಿಂದ ಚಿಲಕ ಹಾಕಿತ್ತು. ಮಗಳು ಕಂಕುಳಿಗೆ ಕೈಕೊಟ್ಟು ಅವನನ್ನು ಎಳೆದುಕೊಂಡು ಬಂದು ಮಂಚದ ಮೇಲೆ ಮಲಗಿಸಿದಳು. ಕಾಲು ನೀಡಿಸಿದಳು. ಹೊದಿಕೆಯನ್ನು ಎದೆಯವರೆಗೆ ಎಳೆದಳು. ಆಮೇಲೆ ಹೋಗಿ ಬಾಗಿಲು ಬಡಿದು ಅಮ್ಮನನ್ನು ಎಬ್ಬಿಸಿ, "ಅಪ್ಪ ನಿದ್ದೇಲೇ ಹೋಗ್ಬಿಟ್ರು ಅಮ್ಮಾ," ಎಂದಳು.

ಅಮ್ಮನಿಗೆ ಈ ಒಂದು ಸುಳ್ಳು ದಕ್ಕಬೇಕು. ಮಣ್ಣು ಮುಚ್ಚುವವರೆಗೆ ಅದು ನಿಂತರೆ ಸಾಕು. ಮಗಳಿಗೆ ಬೇಕಾಗಿದ್ದದ್ದು ಅಷ್ಟೇ.

*

ಎಷ್ಟೋ ವರ್ಷದ ಹಿಂದಿನ ಮಾತು. ಮಗಳೂ ಅಳಿಯನೂ ಊಟಕ್ಕೆ ಬಂದಿದ್ದರು.

"ಶನಿವಾರ ಆಫೀಸಲ್ಲಿದ್ದೆ ಅಂದ್ರಲ್ಲ, ಅಳಿಯಂದ್ರೇ," ಎಂದು ಯಾಕಪ್ಪ ಶುರುಮಾಡಿದ. "ಆ ಕಟ್ಟಡದ ಲಿಫ್ಟ್ ಬಿಚ್ಕೊಂಡು ಶನಿವಾರ ಕೂತಿದ್ದೋನು ನಾನೇ. ನಿಮ್ಮ ಮಹಡಿಗೆ ಬೀಗ ಬಿದ್ದಿತ್ತು."

"ಸುಮ್ನೆ ಊಟ ಮಾಡ್ರಿ," ಎಂದಳು ಹೆಂಡತಿ.

"ತಡಿಯೇ. ಸ್ನೇಹಿತರ ಮನೆ ಅನ್ನೋಣ ಅಂದ್ರೆ, ಆ ಸ್ನೇಹಿತ ಊರಲ್ಲೇ ಇಲ್ಲ. ನಿಮ್ಮ ಅಮ್ಮನ ಮನೆ ಅನ್ನೋಣ ಅಂದ್ರೆ, ಅವರು ಇಲ್ಲಿಗೇ ಫೋನ್ ಮಾಡಿ ನಿಮ್ಮನ್ನ ಕೇಳಿದ್ರು. ಹಂಗಾದ್ರೆ ಉಳಿದಿರೋದು ಒಂದೇ."

"ಅಪ್ಪಾ, ನಿಲ್ಸು," ಎಂದಳು ಮಗಳು.

ಅವನು ನಿಲ್ಲಿಸಲಿಲ್ಲ. ಒಬ್ಬ ಹೆಂಗಸಿನ ಹೆಸರನ್ನೂ ಹೇಳಿದ. ಮುಖದಲ್ಲಿ ಸಿಟ್ಟಿರಲಿಲ್ಲ, ನಿಂತ ಲಿಫ್ಟ್ ಮತ್ತೆ ಕದಲಿದಾಗ ಬರುತ್ತಿದ್ದ ಕಳೆಯಿತ್ತು. ಅಳಿಯ ಅರ್ಧಕ್ಕೆ ಎದ್ದು ಕೈತೊಳೆದು ಹೊರಟುಹೋದ. ಮತ್ತೆ ಬರಲಿಲ್ಲ.

"ನಂಗೆ ಗೊತ್ತಿತ್ತಪ್ಪಾ," ಎಂದಳು ಮಗಳು. "ಅದು ಮುಗಿಯೋದ್ರಲ್ಲಿತ್ತು. ಗೊತ್ತಿಲ್ಲದೋಳ ಹಾಗಿದ್ದು ಕಾಯ್ತಾ ಇದ್ದೆ. ಈಗ ಎಲ್ಲರ ಮುಂದೆ ಬಿಚ್ಚಿಟ್ಟೆಯಲ್ಲ, ಅವರು ಯಾವ ಮುಖ ಇಟ್ಕೊಂಡು ವಾಪಸ್ ಬರ್ತಾರೆ?"

"ಆದ್ರೆ ನಾನು ಹೇಳಿದ್ದು ಸರಿ ತಾನೇ?" ಎಂದ ಯಾಕಪ್ಪ.

ಆ ರಾತ್ರಿ ಹೆಂಡತಿ ತನ್ನ ದಿಂಬು ಎತ್ತಿಕೊಂಡು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಹಗಲು ಅವನಿಗೆ ಬಡಿಸಿದಳು, ಒಗೆದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ರಾತ್ರಿಯ ಚಿಲಕ ಮಾತ್ರ ಆಮೇಲೆ ಎಂದೂ ತೆಗೆಯಲಿಲ್ಲ.

ಸಾಯುವ ಹಿಂದಿನ ಸಂಜೆ, ಅಂದಿನಿಂದ ತವರಲ್ಲೇ ಉಳಿದಿದ್ದ ಮಗಳು ಮಾತ್ರೆ ಕೊಡಲು ಬಂದಾಗ ಅವನು ಅವಳ ಕೈ ಹಿಡಿದುಕೊಂಡ. "ಅವತ್ತಿನ ಊಟದ ವಿಷಯಾನ ಮತ್ತೆ ಮತ್ತೆ ನೋಡ್ದೆ ಕಣೇ. ಒಂದೊಂದು ಹೆಜ್ಜೇನೂ ನೋಡ್ದೆ. ಎಲ್ಲೂ ತಪ್ಪಿಲ್ಲ. ಮತ್ತೆ ಮನೆ ಯಾಕೆ ಹಿಂಗಾಯ್ತು? ಯಾವ ಹೆಜ್ಜೇಲಿ ತಪ್ಪಿದೆ, ನೀನಾದ್ರೂ ಹೇಳು."

ಅವಳಿಗೆ ಗೊತ್ತಿತ್ತು. ಎರಡು ಮಾತಿನಲ್ಲಿ ಹೇಳಬಹುದಿತ್ತು. ಕೇಳುತ್ತಿದ್ದದ್ದು ಮೂಳೆಚಕ್ಕಳವಾಗಿದ್ದ ಮುದುಕ. ಆದರೂ ಹಳೆಯ ವಿಷ ಗಂಟಲಿಗೆ ಬಂತು.

"ನನ್ನ ಯಾಕೆ ಕೇಳ್ತೀಯ? ಹೋಗಿ ಅಮ್ಮನ್ನ ಕೇಳು," ಎಂದು ಕೈ ಕೊಸರಿಕೊಂಡು ಎದ್ದುಹೋದಳು.

*

ಮಸಣದಲ್ಲಿ ಗುಂಡಿ ಇನ್ನೂ ಆಗಿರಲಿಲ್ಲ. ಅಗೆಯುವವರು ಕಲ್ಲು ಸಿಕ್ಕಿತೆಂದು ಬೈಯುತ್ತಿದ್ದರು. ಬಂದವರು ಗೋಡೆಯ ನೆರಳಿಗೆ ಸರಿದು ನಿಂತರು. ಮೀಸೆ ಮಗಳ ಹತ್ತಿರ ಬಂದ.

"ಒಂದು ಮಾತು ತಂಗಿ. ಮೇಷ್ಟ್ರಿಗೆ ಬಟ್ಟೆ ಹಾಕುವಾಗ ನೋಡ್ದೆ. ಎರಡೂ ಮಂಡಿ ತರಚಿದೆ. ನಿದ್ದೇಲಿ ಹೋದೋರಿಗೆ ಮಂಡಿ ಯಾಕೆ ತರಚುತ್ತೆ?"

"ಈಗ ಬಿಡಿ ಅಣ್ಣಾ."

"ಬಿಡೋದೇನು, ಮೇಷ್ಟ್ರು ಕಲಿಸಿದ್ದೇ ಇದು. ಮಂಚದಿಂದ ಉರುಳಿದ್ರೆ ಭುಜಕ್ಕೋ ಸೊಂಟಕ್ಕೋ ಪೆಟ್ಟು. ಮಂಡಿ ಅಂದ್ರೆ ನಡೀತಾ ಇದ್ರು. ಎಲ್ಲಿಗೆ? ನೀರು ತಲೆ ಹತ್ರಾನೇ ಇತ್ತು, ಹಂಗಾಗಿ ಅಡುಗೆಮನೆ ಅಲ್ಲ. ಉಳಿದಿರೋದು..."

ಅವನ ಕಣ್ಣು ಹೊಳೆಯುತ್ತಿತ್ತು. ಊಟದ ಮೇಜಿನಲ್ಲಿ ಕಂಡಿದ್ದ ಅದೇ ಕಳೆ. ಮಗಳಿಗೆ ಅವನ ಮುಖಕ್ಕೆ ಬಾರಿಸಬೇಕೆನ್ನಿಸಿತು.

"ಮಸಣದಲ್ಲೂ ನಿನ್ನ ಲಿಫ್ಟ್ ರಿಪೇರೀನೇನೋ?" ಎಂದು ಚಿಕ್ಕಪ್ಪ ಗದರಿಸಿದ. ಅಷ್ಟರಲ್ಲಿ ಅಮ್ಮ ಇತ್ತ ತಿರುಗಿದ್ದಳು.

"ಏನಂತೆ?"

"ಮಂಡಿ ವಿಷಯ ಅಮ್ಮಾ," ಮಗಳು ತಡಮಾಡಲಿಲ್ಲ. "ಮೊನ್ನೆ ಮಧ್ಯಾಹ್ನ ನೀನು ತರಕಾರಿಗೆ ಹೋದಾಗ ಅಪ್ಪ ಬಾತ್‌ರೂಮಲ್ಲಿ ಜಾರಿದ್ರು. ನಾನೇ ಎತ್ತಿ ಕೂರಿಸ್ದೆ. ಮುಲಾಮು ಹಚ್ಚಿ ಲುಂಗಿ ಬದಲಾಯಿಸ್ದೆ. ನಿಂಗೆ ಗಾಬರಿಯಾಗುತ್ತೆ ಅಂತ ಹೇಳ್ಲಿಲ್ಲ."

ಮೀಸೆ ಒಂದೊಂದನ್ನೂ ತೂಗಿ ನೋಡಿ ತಲೆಯಾಡಿಸಿದ. "ಹಾಂ, ಈಗ ಸರಿಹೋಯ್ತು. ಬಾತ್‌ರೂಮು ಅಂತಲೇ ನಾನೂ ಹೇಳಕ್ಕೆ ಹೊರಟಿದ್ದೆ."

ಒಂದು ಹೆಜ್ಜೆಯೂ ನಿಜವಲ್ಲ, ಎಲ್ಲೂ ಬಿರುಕಿಲ್ಲ. ಮಗಳಿಗೆ ತನ್ನ ಬಾಯಿಯ ಬಗ್ಗೆಯೇ ಹೇಸಿಗೆಯೂ ನೆಮ್ಮದಿಯೂ ಒಟ್ಟಿಗೇ ಆದವು. ಅಮ್ಮ ಅವಳನ್ನೇ ನೋಡುತ್ತಿದ್ದಳು.

"ನೀನು ನಿಮ್ಮಪ್ಪನ ಮಗಳೇ ಕಣೇ," ಎಂದಳು ಅಮ್ಮ. ಹೊಗಳಿದಳೋ ಬೈದಳೋ ತಿಳಿಯಲಿಲ್ಲ.

ಗುಂಡಿಯ ಮೇಲೆ ಹಲಗೆ ಅಡ್ಡ ಹಾಕಿ ಪೆಟ್ಟಿಗೆ ಇಟ್ಟರು. ಇಳಿಸುವ ಹಗ್ಗ ಸಿದ್ಧವಾಯಿತು.

"ಮುಚ್ಚಳ ತೆಗೀಲಾ ಅತ್ತಿಗೆ? ಕೊನೇ ಸಲ ಮುಖ ನೋಡ್ತೀರಾ?" ಎಂದ ಚಿಕ್ಕಪ್ಪ.

"ಬೇಡ."

ಆದರೆ ಅವಳು ಮುಂದೆ ಬಂದಳು. ಆಸರೆಗೆ ಬಂದ ಮಗಳ ಕೈಯನ್ನು ಸರಿಸಿ, ಕಷ್ಟಪಟ್ಟು ಮಣ್ಣಿನಲ್ಲಿ ಮಂಡಿಯೂರಿದಳು. ಏನೋ ಹೇಳುತ್ತಾಳೆಂದು ಎಲ್ಲರೂ ಮಾತು ನಿಲ್ಲಿಸಿದರು. ಅವಳು ಹಣೆಯನ್ನು ಮುಚ್ಚಳಕ್ಕೆ ಒತ್ತಿ, ಮೊನ್ನೆ ರಾತ್ರಿ ಕೇಳಿಸಿಕೊಂಡಿದ್ದ ಹಾಗೇ, ಬೆರಳ ಗೆಣ್ಣಿನಿಂದ ಅದರ ಮೇಲೆ ತಟ್ಟಿದಳು. ಉಸಿರು ಬಿಗಿಹಿಡಿದು ಕಾದಳು. ಮತ್ತೆ ತಟ್ಟಿದಳು, ಈ ಸಲ ಇನ್ನೂ ಮೆಲ್ಲಗೆ, ಆಚೆ ಕೋಣೆಯಲ್ಲಿ ಮಲಗಿದ ಮಗಳಿಗೆ ಎಚ್ಚರವಾಗದ ಹಾಗೆ.