ಗುಂಡಿ ಡಬ್ಬಿಯಲ್ಲಿದ್ದ ಮಾತ್ರೆ

ದರ್ಜಿ ಅಜ್ಜ ತನ್ನದೇ ಪ್ಯಾಂಟಿನ ಸೊಂಟವನ್ನು ಮೂರನೇ ಸಲ ಬಿಗಿ ಮಾಡಿ ಹೊಲಿದ. ಎರಡು ತಿಂಗಳಲ್ಲಿ ಸೊಂಟ ಮೂರು ಇಂಚು ಇಳಿದಿತ್ತು; ಭೇದಿಯೂ ನಿಂತಿರಲಿಲ್ಲ. ಅವನ ಅಣ್ಣನೂ ಹೀಗೇ ಕರಗಿದ್ದ: ಮೊದಲು ಭೇದಿ, ಆಮೇಲೆ ಹಾಸಿಗೆ, ಆಮೇಲೆ ಇಲ್ಲ. ಸೊಸೆಗೆ ಹೇಳಿದರೆ ಆಸ್ಪತ್ರೆಗೆ ಹೊರಡಿಸುತ್ತಾಳೆ. ಆಸ್ಪತ್ರೆಗೆ ಹೋದ ಅಣ್ಣ ಮರಳಿರಲಿಲ್ಲ.

ಹೊಟ್ಟೆ ಗುಡುಗುಟ್ಟಿತು. ಅಜ್ಜ ಗುಂಡಿ ಡಬ್ಬಿಗೆ ಕೈ ಹಾಕಿದ. ಗುಂಡಿಗಳ ನಡುವೆ ಕೆಂಪು-ಹಳದಿ ಮಾತ್ರೆಗಳು; ಮನೆಯವರಿಗೆ ಹಲ್ಲುನೋವು, ಕೆಮ್ಮು ಬಂದಾಗ ತಂದದ್ದರಲ್ಲಿ ಉಳಿದವು. ಒಂಟಿ ಗುಂಡಿಯನ್ನೂ ಬಿಸಾಡದವನು ಮಾತ್ರೆ ಬಿಸಾಡುತ್ತಾನೆಯೇ?

"ಅದೇನಜ್ಜ ನುಂಗ್ತಾ ಇದ್ದೀರಿ?" ಸಮವಸ್ತ್ರ ಸಡಿಲ ಮಾಡಿಸಲು ಬಂದ ನರ್ಸಮ್ಮ ಬಾಗಿಲಲ್ಲಿ ನಿಂತಿದ್ದಳು.

"ಹೊಟ್ಟೆ ಮಾತ್ರೆ ಕಣಮ್ಮ. ಗುಡುಗಿದಾಗೆಲ್ಲ ಒಂದು. ಒಳಗಿನ ಕ್ರಿಮಿ ಸಾಯ್ಲಿ ಅಂತ."

ಅವಳು ಡಬ್ಬಿ ಎಳೆದುಕೊಂಡಳು. "ಇದು ಆಂಟಿಬಯೋಟಿಕ್. ಕೆಟ್ಟ ಕ್ರಿಮಿ ಜೊತೆ ಒಳ್ಳೇವನ್ನೂ ಸಾಯಿಸುತ್ತೆ."

"ಕ್ರಿಮೀಲಿ ಒಳ್ಳೇದಾ? ಒಳ್ಳೆ ಕಳ್ಳ ಅಂದ ಹಾಗಾಯ್ತು."

"ಕರುಳಲ್ಲಿ ಕೋಟಿ ಕೋಟಿ ಇವೆ ಅಜ್ಜ. ತಿಂದಿದ್ದು ಅರಗೋಕೆ ಕೈಜೋಡಿಸ್ತವೆ, ರೋಗ ತರೋವಕ್ಕೆ ಜಾಗ ಬಿಡಲ್ಲ. ಅವು ಸತ್ರೆ ಕೆಟ್ಟವು ಬಂದು ಕೂರ್ತವೆ. ಆಗ ಭೇದಿ ಜೋರಾದ್ರೆ ವಯಸ್ಸಾದ ಮೈ ತಡೆಯಲ್ಲ. ಊಟ ಏನು?"

"ಹಲ್ಲಿಲ್ಲ. ಚಹಾ, ಬನ್ನು."

"ಮೂರು ಹೊತ್ತೂ?"

ಅಜ್ಜ ಸೂಜಿಗೆ ದಾರ ಪೋಣಿಸುವವನಂತೆ ನಟಿಸಿದ. ನರ್ಸಮ್ಮನ ಕಣ್ಣು ಅವನ ಸೊಂಟದ ಮೂರು ಸಾಲು ಹೊಲಿಗೆಯ ಮೇಲೆ ನಿಂತಿತು.

"ನಮ್ಮ ಬಟ್ಟೆ ಸಡಿಲ ಮಾಡ್ತೀರಿ, ನಿಮ್ಮದು ಬಿಗಿ ಮಾಡ್ಕೊಳ್ತೀರಿ."

ದಾರ ಜಾರಿತು. "ಅಣ್ಣನ ಹಾಗೇ ಹೋಗ್ತೀನಾ, ತಾಯಿ?"

"ತೂಕ ಇಳಿಯೋಕೆ ಬೇರೆ ಕಾರಣಾನೂ ಇರಬಹುದು, ಡಾಕ್ಟರೇ ನೋಡ್ಬೇಕು. ಅಣ್ಣನ್ನ ಆಸ್ಪತ್ರೆಗೆ ಯಾವಾಗ ಕರ್ಕೊಂಡು ಹೋಗಿದ್ರಿ?"

ಅಜ್ಜ ತಲೆ ತಗ್ಗಿಸಿದ. "ಏಳೋಕಾಗದೆ ಮಲಗಿದ ಮೇಲೆ."

"ನೀವು ನಡ್ಕೊಂಡೇ ಹೋಗಿ."

ಮರುದಿನ ಸೊಸೆಗೆ ಹೇಳಿ, ಅವಳ ಜೊತೆ ಆಸ್ಪತ್ರೆಗೆ ನಡೆದೇ ಹೋದ. ಡಾಕ್ಟರು ಪರೀಕ್ಷೆ ಮಾಡಿಸಿ ಕರುಳಿನ ಸೋಂಕಿಗೆ ತಕ್ಕ ಔಷಧಿ ಕೊಟ್ಟರು. ಈಗ ಸೊಸೆ ಕಾಳು, ತರಕಾರಿ ಮೆತ್ತಗೆ ಬೇಯಿಸಿ, ಕಿವುಚಿ, ಮೊಸರಿನ ಜೊತೆ ಕೊಡುತ್ತಾಳೆ. "ಹಸುಗೂಸು ಮಾಡಿಬಿಟ್ಟೆ ನನ್ನ" ಎಂದು ಗೊಣಗುತ್ತಲೇ ಅಜ್ಜ ತಟ್ಟೆ ಬರಿದು ಮಾಡುತ್ತಾನೆ. ಟೇಪು ಹಿಡಿದು ಸೊಂಟವನ್ನು ಇನ್ನೂ ಎರಡೆರಡು ಸಲ ಅಳೆದುಕೊಳ್ಳುತ್ತಾನೆ. ನಿನ್ನೆ ಒಂದು ಸಾಲು ಹೊಲಿಗೆ ಬಿಚ್ಚಿದ. ಇನ್ನೆರಡು ಉಳಿದಿವೆ.

ನಿಮ್ಮ ಮನೆಯ ಹಿರಿಯರ ಡಬ್ಬಿಯನ್ನೂ ತೆರೆದು ನೋಡಿ. ಡಾಕ್ಟರು ಹೇಳದೆ ಆಂಟಿಬಯೋಟಿಕ್ ಕೊಡಬೇಡಿ. ಹೇಳಿದ್ದನ್ನು ನಡುವೆ ಬಿಡಬೇಡಿ. ಭೇದಿ ನಿಲ್ಲದಿದ್ದರೆ, ತೂಕ ಇಳಿದರೆ ಕಾಯಬೇಡಿ. ಅವರ ಬಟ್ಟೆ ಸಡಿಲವಾಗಿದೆಯೇ? ನೀವೇ ಕೇಳಿ. ಹೆದರಿದವರು ತಾವಾಗಿ ಹೇಳುವುದಿಲ್ಲ.