ಸಾರದೆ ಉಳಿದ ಕಾಯ್ದೆ

ನಾನು ಎಸ್‌ಎಸ್‌ಎಲ್‌ಸಿ ಓದುತ್ತಿದ್ದಾಗ ನನಗೆ ಗಂಡು ಹುಡುಕಿದವರು ನಮ್ಮಪ್ಪನೂ ಅಲ್ಲ, ನಮ್ಮವ್ವನೂ ಅಲ್ಲ. ನಮ್ಮೂರ ಪಟೇಲ ವೆಂಕಟೇಶಪ್ಪನವರು. ನನ್ನ ಮೇಲಿನ ಅಕ್ಕರೆಯಿಂದ ಹುಡುಕಿದರು ಎಂದುಕೊಳ್ಳಬೇಡಿ. ಅವರಿಗೆ ಬೇಕಾಗಿದ್ದವನು ನನ್ನ ಗಂಡನಲ್ಲ, ಊರಿಗೊಬ್ಬ ತೋಟಿ.

ನಮ್ಮದು ಯಲಹಂಕದಿಂದ ಸಿಂಗಾಪುರ ಎಂಬ ಊರಿನ ಕಡೆಗೆ ಹೋಗುವ ದಾರಿಯಲ್ಲಿದ್ದ ಸಣ್ಣ ಹಳ್ಳಿ. ತೋಟಿ ಚಾಕರಿ ಮುತ್ತಾತನ ಕಾಲದಿಂದ ನಮ್ಮ ಮನೆಗೆ ಅಂಟಿಕೊಂಡಿತ್ತು. ತಾಲ್ಲೂಕಿನ ಅಮಲ್ದಾರರು ಬಂದರೆ ಅವರ ಪೆಟ್ಟಿಗೆ ಹೊರುವುದು, ಸತ್ತ ದನ ಎಳೆಯುವುದು, ಪಟೇಲರ ಮನೆಗೆ ಸೌದೆ ಹಾಕುವುದು, ಸರ್ಕಾರದ ಅಪ್ಪಣೆ ಏನೇ ಬಂದರೂ ತಮಟೆ ಬಡಿದು ಬೀದಿಬೀದಿಗೆ ಸಾರುವುದು. ಇಷ್ಟಕ್ಕೂ ಕೂಲಿ ಎಂದರೆ ಕೆರೆಯ ಕೆಳಗಿನ ಒಂದು ತುಂಡು ಇನಾಂ ಭೂಮಿ. ಅಲ್ಲಿ ಬೆಳೆದ ರಾಗಿಯನ್ನೇ ನಾವು ಮೂವರೂ ತಿನ್ನುತ್ತಿದ್ದೆವು. ಚಾಕರಿ ನಡೆದರೆ ಭೂಮಿ, ನಿಂತರೆ ಭೂಮಿ ಊರಿಗೆ ವಾಪಸ್ಸು ಎಂದು ಎಲ್ಲರೂ ನಂಬಿದ್ದರು. ನಮ್ಮಪ್ಪ ಚಿಕ್ಕಮಾರಯ್ಯ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದ.

ಅಪ್ಪನಿಗೆ ಒಂದು ಜೊತೆ ಮೆಟ್ಟು ಇತ್ತು. ಪಟೇಲರ ಬೀದಿಯ ತಿರುವು ಬಂದ ಕೂಡಲೇ ಅದನ್ನು ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಬೇಸಿಗೆಯಲ್ಲಿ ನೆಲ ಕಾದಿದ್ದರೂ ಅಷ್ಟೆ. ಚಿಕ್ಕವಳಿದ್ದಾಗ ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು. ಓದು ಒಂದಿಷ್ಟು ತಲೆಗೆ ಹೋದ ಮೇಲೆ ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಅರವತ್ತಮೂರರ ಸಂಕ್ರಾಂತಿ ಕಳೆದ ಮೇಲೆ ಅಪ್ಪ ಪಟೇಲರ ಮನೆಗೆ ಸೌದೆ ಹೊತ್ತು ಹೋಗುವಾಗ ಕೆರೆಯೇರಿಯ ಮೇಲೆ ಜಾರಿ ಬಿದ್ದ. ಮಂಡಿ ಕುಂಬಳಕಾಯಿಯಂತೆ ಊದಿಕೊಂಡಿತು. ಪಟೇಲರು ನಮ್ಮ ಹಟ್ಟಿಯ ಹೊರಗಿನ ಹೊಂಗೆಮರದವರೆಗೆ ಬಂದು, ಅಲ್ಲಿಂದಲೇ ಅಪ್ಪನನ್ನು ಕೂಗಿದರು. ಹೇಗಿದ್ದೀಯ ಎಂದು ಕೇಳಲಿಲ್ಲ. ನಿನಗೆ ಗಂಡುಮಗ ಇಲ್ಲ, ಬಾಗಲೂರಿನ ನಿನ್ನ ಹೆಂಡತಿಯ ಅಣ್ಣನ ಮಗ ಕದಿರಪ್ಪನನ್ನು ಮನೆಅಳಿಯ ಮಾಡಿಕೋ, ಅವನು ಚಾಕರಿ ನಡೆಸಲಿ ಎಂದರು. ಯುಗಾದಿಯೊಳಗೆ ಮದುವೆ ಮುಗಿಯದಿದ್ದರೆ ಭೂಮಿ ಬೇರೆ ಮನೆಗೆ ಹೋಗುತ್ತದೆ ಎಂದೂ ಸೇರಿಸಿದರು. ಗಂಡುಮಕ್ಕಳಿಲ್ಲದ ತೋಟಿ ಮನೆಗೆ ಅಳಿಯನನ್ನು ತಂದು ಕೂರಿಸುವುದು ನಮ್ಮ ಕಡೆ ಮೊದಲಿನಿಂದ ಇದ್ದ ಪದ್ಧತಿ. ನನ್ನ ಪರೀಕ್ಷೆ ಇದ್ದದ್ದು ಯುಗಾದಿ ಕಳೆದ ಮೇಲೆ.

ಕದಿರಪ್ಪನ ಮೇಲೆ ನನಗೆ ಕೋಪವಿರಲಿಲ್ಲ. ಪಾಪ, ಅವನು ಯಲಹಂಕದ ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಾ ತನ್ನ ಪಾಡಿಗೆ ತಾನಿದ್ದ. ಆದರೆ ಮದುವೆಯಾದ ಮೇಲೆ ಸ್ಕೂಲಿಗೆ ಹೋಗುವ ಹೆಣ್ಣು ನಮ್ಮ ಹಟ್ಟಿಯಲ್ಲಿ ಹುಟ್ಟಿರಲಿಲ್ಲ. ಪರೀಕ್ಷೆ ಕಟ್ಟಿದ ಹೆಣ್ಣೂ ನನಗಿಂತ ಮೊದಲು ಹುಟ್ಟಿರಲಿಲ್ಲ, ಆ ಮಾತು ಬೇರೆ. ನನಗೆ ಹುಟ್ಟುವ ಮಗ ಮುಂದೆ ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಅದೇ ಬೀದಿಯಲ್ಲಿ ನಡೆಯುತ್ತಾನೆ ಎಂದು ನೆನೆದರೆ ಊಟ ಸೇರುತ್ತಿರಲಿಲ್ಲ.

ಯಲಹಂಕದ ನಮ್ಮ ಸ್ಕೂಲಿನಲ್ಲಿ ಕೊನೆಯ ವರ್ಷದವರಿಗೆ ಪೌರನೀತಿ ಪಾಠ ಮಾಡುತ್ತಿದ್ದವರು ಹಬೀಬುಲ್ಲಾ ಮೇಷ್ಟ್ರು. ಹೆಬ್ಬಾಳದಿಂದ ಸೈಕಲ್ಲು ತುಳಿದುಕೊಂಡು ಬರುತ್ತಿದ್ದರು. ಲಾ ಓದಿ, ಕೋರ್ಟಿಗೆ ಸ್ವಲ್ಪ ದಿನ ಹೋಗಿ, ಅದು ಒಗ್ಗದೆ ಮೇಷ್ಟ್ರಾದವರು. ಬಿಟ್ಟುಬಂದ ಕಾನೂನಿನ ಮೇಲಿನ ಪ್ರೀತಿಯನ್ನೆಲ್ಲ ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದರು. ಪುಸ್ತಕದಲ್ಲಿ ಸಂವಿಧಾನಕ್ಕೆ ನಾಲ್ಕು ಪುಟ ಇದ್ದರೆ, ಅವರು ಎರಡು ತಿಂಗಳು ಪಾಠ ಮಾಡಿದ್ದರು. ಶನಿವಾರ ಬಂದರೆ ಪುಸ್ತಕ ಮುಚ್ಚಿಸಿ, ಒಬ್ಬೊಬ್ಬರೂ ನಿಮ್ಮೂರಿನ ಒಂದು ಜಗಳ ತನ್ನಿ, ಕಾನೂನು ಏನು ಹೇಳುತ್ತದೆ ನೋಡೋಣ ಎನ್ನುತ್ತಿದ್ದರು. ಹುಡುಗರು ಬದುವಿನ ಜಗಳ, ಬಾವಿಯ ಜಗಳ, ಕದ್ದ ಕೋಳಿಯ ಜಗಳ ತರುತ್ತಿದ್ದರು.

ಆ ಶನಿವಾರ ನಾನು ಹಿಂದಿನ ಬೆಂಚಿನಿಂದ ಎದ್ದು ನಿಂತು, ತೋಟಿ ಚಾಕರಿ ಬಿಟ್ಟರೆ ಭೂಮಿ ಬಿಡಬೇಕೇ ಎಂದು ಕೇಳಿದೆ. ತೋಟಿ ಎಂಬ ಮಾತು ಕೇಳಿ ಮುಂದಿನ ಬೆಂಚಿನವರು ಕಿಸಕ್ಕೆಂದರು. ನಾಚಿಕೆಯಾಯಿತು, ಆದರೆ ಕೂರಲಿಲ್ಲ. ಮೇಷ್ಟ್ರು ನಕ್ಕವರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿ, ಮುಂದಿನ ವಾರ ಉತ್ತರ ಹೇಳುತ್ತೇನೆ ಎಂದರು.

ಮುಂದಿನ ವಾರ ವಕೀಲ ಸ್ನೇಹಿತರೊಬ್ಬರಿಂದ ಕಾಯ್ದೆಯ ಪ್ರತಿಯನ್ನೇ ಇಸಿದುಕೊಂಡು ಬಂದಿದ್ದರು. ಅದು ಮೈಸೂರು ಸರ್ಕಾರದ ಕಾಯ್ದೆ. ಗ್ರಾಮದ ವಂಶಪಾರಂಪರ್ಯದ ಹುದ್ದೆಗಳೆಲ್ಲ ರದ್ದು. ಫೆಬ್ರವರಿ ಒಂದರಿಂದ ಜಾರಿಗೆ ಬಂದಾಗಿತ್ತು. ಇಂಗ್ಲಿಷಿನಲ್ಲಿ ಇದ್ದದ್ದನ್ನು ನನ್ನ ಕೈಯಲ್ಲೇ ಓದಿಸಿ, ಸಾಲುಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದರು. ಚಾಕರಿ ಹೋಗುತ್ತದೆ, ಭೂಮಿ ಹೋಗುವುದಿಲ್ಲ, ಅರ್ಜಿ ಹಾಕಿಕೊಂಡರೆ ಚಾಕರಿ ಮಾಡುತ್ತಿದ್ದವರ ಹೆಸರಿಗೇ ಅದನ್ನು ಮಾಡಿಕೊಡುತ್ತಾರೆ ಎಂಬಲ್ಲಿಗೆ ಬಂದಾಗ ನಾನು ಆ ಸಾಲಿನ ಮೇಲೇ ಬೆರಳಿಟ್ಟುಕೊಂಡು ನಿಂತೆ. ಮೇಷ್ಟ್ರು ಮತ್ತೊಮ್ಮೆ ಓದಿಸಿದರು.

"ನೋಡಮ್ಮಾ ಯಲ್ಲಮ್ಮ," ಎಂದರು, "ಇದರಲ್ಲಿ ತೋಟಿ ಒಬ್ಬನೇ ಇಲ್ಲ. ಪಟೇಲ, ಶಾನುಭೋಗರೂ ಇದಾರೆ. ಸರ್ಕಾರ ನೇಮಿಸಿದ ಹೊಸಬರು ಬರೋ ತನಕ ಅವರು ಕೆಲಸ ನೋಡ್ಕೋಬಹುದು, ಅಷ್ಟೆ. ಅರ್ಜಿ ನಾನು ಬರ್ಕೊಡ್ತೀನಿ. ಊರಲ್ಲಿ ಜಗಳಕ್ಕೆ ಮಾತ್ರ ಹೋಗ್ಬೇಡ."

ಜಗಳಕ್ಕೆ ಹೋಗಬಾರದು ಎಂದು ನಾನೂ ಅಂದುಕೊಂಡೇ ಮನೆಗೆ ಬಂದೆ. ಅಪ್ಪನ ಮುಂದೆ ಕುಳಿತು ಕಾಯ್ದೆಯನ್ನು ಬಾಯಿಪಾಠ ಒಪ್ಪಿಸಿದೆ. ಅವನು ಮಂಡಿಗೆ ಎಕ್ಕದ ಎಲೆಯ ಶಾಖ ಕೊಟ್ಟುಕೊಳ್ಳುತ್ತಾ ಕೊನೆಯವರೆಗೂ ಕೇಳಿ ಆಗದೆಂದು ತಲೆಯಾಡಿಸಿಬಿಟ್ಟ.

"ಅದೆಂಗಾಯ್ತದೆ ಕೂಸೇ? ನಾನು ಸಾರೇ ಇಲ್ವಲ್ಲ. ಸಿಡುಬಿನ ಚುಚ್ಚುಮದ್ದು ಬಂದಾಗ ಸಾರ್ದೆ. ಓಟು ಬಂದಾಗ ಸಾರ್ದೆ. ನಾನು ಸಾರ್ದೇ ಇರೋ ಕಾಯ್ದೆ ಈ ಊರಿಗೆ ಯಾವ್ದು ಬಂದೈತೆ?"

ಅದನ್ನು ಹೇಳುವಾಗ ಅವನ ದನಿಯಲ್ಲಿ ಒಂದು ಹೆಮ್ಮೆಯಿತ್ತು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಸರ್ಕಾರ ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಿದರೆ ಸಾಕು ಎಂದು ಎಷ್ಟು ಹೇಳಿದರೂ ಅವನ ಕಿವಿಗೆ ಹೋಗಲಿಲ್ಲ. ಅವ್ವ ಮುನಿಕೆಂಪಮ್ಮ ಒಲೆಯ ಮುಂದಿನಿಂದಲೇ, ಬಾಗಲೂರಿಗೆ ಮಾತು ಕೊಟ್ಟಾಗಿದೆ, ಸುಮ್ಮನಿರು ಎಂದಳು.

ಮರುದಿನ ನಾನೇ ಪಟೇಲರ ಮನೆಗೆ ಹೋದೆ. ನನ್ನ ಕಾಲಲ್ಲಿ ಸ್ಕೂಲಿಗೆಂದು ಕೊಂಡ ಚಪ್ಪಲಿ ಇತ್ತು. ತಿರುವಿನಲ್ಲಿ ಒಂದು ಗಳಿಗೆ ನಿಂತೆ, ಹೆದರಿಕೆಯಾಯಿತು, ಆಮೇಲೆ ಚಪ್ಪಲಿ ಮೆಟ್ಟಿಕೊಂಡೇ ಬೀದಿಗೆ ನುಗ್ಗಿದೆ. ಪಟೇಲರು ಜಗಲಿಯ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಎಲೆಅಡಿಕೆ ಹಾಕುತ್ತಿದ್ದರು. ಅವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕಾಲನ್ನು. ನಾನು ಅಂಗಳದಲ್ಲಿ ನಿಂತು, ಚಾಕರಿ ರದ್ದಾಗಿದೆ, ನಮ್ಮ ಮನೆಗೆ ಅಳಿಯನೂ ಬೇಡ, ಭೂಮಿಯನ್ನೂ ಬಿಡುವುದಿಲ್ಲ ಎಂದು ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವರಿಗೆ ಎಲ್ಲ ಗೊತ್ತಿದೆ ಎಂದು ನನಗೆ ತಿಳಿದದ್ದು ಆಗಲೇ.

"ಯಾವ ಕಾಯ್ದೆ ಅಮ್ಮಣ್ಣಿ?" ಎಂದರು ನಿಧಾನವಾಗಿ, ಜಗಲಿಯಲ್ಲಿದ್ದವರ ಕಡೆ ತಿರುಗಿ. "ನಮ್ಮೂರಲ್ಲಿ ಸಾರಿದ್ದು ನೀವ್ಯಾರಾದ್ರೂ ಕೇಳಿದ್ರೇನ್ರಪ್ಪಾ? ತಮಟೆ ಬೀಳ್ದೇ ಇದ್ದ ಮೇಲೆ ಅದು ಈ ಊರಿಗೆ ಬಂದಿಲ್ಲ ಅಂತ್ಲೇ ಅರ್ಥ. ನಿಮ್ಮಪ್ಪನ್ನೇ ಕೇಳೋಗು."

ಜಗಲಿಯವರೆಲ್ಲ ನಕ್ಕರು. ಅವಮಾನದಿಂದ ನನ್ನ ಕಿವಿ ಬಿಸಿಯಾಯಿತು. ಹಿಂದಿರುಗಿದೆ, ದಾರಿಯುದ್ದಕ್ಕೂ ಬೈದುಕೊಂಡು ಬಂದೆ, ಪಟೇಲರನ್ನೂ ಬೈದೆ, ಅಪ್ಪನನ್ನೂ ಬೈದೆ, ಇಂಗ್ಲಿಷಿನಲ್ಲಿ ಕಾಯ್ದೆ ಬರೆದ ಸರ್ಕಾರವನ್ನೂ ಬೈದೆ. ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಕಾಲಿಟ್ಟಾಗ ಗೋಡೆಯ ಗೂಟಕ್ಕೆ ತೂಗುಹಾಕಿದ್ದ ತಮಟೆ ಎದುರಿಗೆ ಕಂಡಿತು. ಅಲ್ಲೇ ನಿಂತುಬಿಟ್ಟೆ. ಸಾರಿಲ್ಲ, ಸಾರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಸಾರುವ ತಮಟೆ ಪಟೇಲರ ಮನೆಯಲ್ಲಿರಲಿಲ್ಲ, ಅದು ನಮ್ಮ ಮನೆಯಲ್ಲಿತ್ತು.

ಬೆಳಗಾಗುತ್ತಲೇ, ಗಂಡಸರು ಹೊಲದ ಕಡೆ ಹೊರಡುವ ಮೊದಲು, ತಮಟೆಯನ್ನು ಗೂಟದಿಂದ ಇಳಿಸಿದೆ. ಅವ್ವ ಓಡಿಬಂದು ಕೈ ಹಿಡಿದುಕೊಂಡಳು. ಹೆಣ್ಣು ಮುಟ್ಟಿದ ತಮಟೆ ಊರಿಗೆ ಕೇಡು, ನಾಳೆ ನಿನ್ನನ್ನು ಕಟ್ಟಿಕೊಳ್ಳುವವರು ಯಾರು ಎಂದು ಅತ್ತಳು. ಯಾರೂ ಕಟ್ಟಿಕೊಳ್ಳದಿದ್ದರೆ ಯುಗಾದಿಗೆ ಮದುವೆಯೂ ಇಲ್ಲ, ಒಳ್ಳೆಯದೇ ಆಯಿತು ಎಂದೆ. ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಕಂಬಕ್ಕೆ ಒರಗಿ ನನ್ನನ್ನೇ ದಿಟ್ಟಿಸುತ್ತಿದ್ದ. ಎದ್ದು ಬಂದು ಕಿತ್ತುಕೊಳ್ಳುತ್ತಾನೆ, ಹೊಡೆಯುತ್ತಾನೆ ಎಂದು ನಾನು ತಮಟೆಯನ್ನು ಎದೆಗೆ ಅವುಚಿಕೊಂಡೆ.

"ನಿನ್ನೆ ಪಟೇಲ್ರು ಏನಂದ್ರು? ತಮಟೆ ಬಿದ್ರೆ ಬಂದಂಗೆ ಅಂದ್ರಾ?" ಎಂದು, ರಾತ್ರಿ ನಾನು ಹೇಳಿದ್ದನ್ನೇ ಮತ್ತೆ ಕೇಳಿದ.

ಹೌದೆಂದೆ. ಕೆರೆಯ ಕೆಳಗಿನ ಆ ತುಂಡು ಭೂಮಿ ಅವನ ಕಣ್ಣ ಮುಂದೆ ಇತ್ತೆಂದು ನನಗೆ ಗೊತ್ತಿತ್ತು. ನಾನು ಹೇಳಿದ್ದು ಸುಳ್ಳಾದರೆ ಅದು ಹೋಗುತ್ತಿತ್ತು, ನಮ್ಮ ಮೂವರ ಹಿಟ್ಟೂ ಹೋಗುತ್ತಿತ್ತು. ಕೊನೆಗೆ ಗೋಡೆ ಹಿಡಿದು ಎದ್ದ.

"ತಣ್ಣಗಿರೋ ತಮಟೆ ನುಡಿಯಕಿಲ್ಲ ಕಣವ್ವಾ. ಕಾಯಿಸ್ಬೇಕು. ತಾ ಇಲ್ಲಿ."

ಅಂಗಳದಲ್ಲಿ ರಾಗಿಹುಲ್ಲಿಗೆ ಬೆಂಕಿ ಹಾಕಿ, ಊದಿದ ಮಂಡಿಯನ್ನು ಪಕ್ಕಕ್ಕೆ ಚಾಚಿಕೊಂಡು ಕುಳಿತು ಚರ್ಮವನ್ನು ಕಾಯಿಸಿದ. ಬೆರಳಲ್ಲಿ ತಟ್ಟಿ ತಟ್ಟಿ ನೋಡಿದ. ಬಿಗಿ ಬಂದ ಮೇಲೆ ನನ್ನ ಹೆಗಲಿಗೆ ಹಾಕಿ, ಕೋಲು ಹಿಡಿಯುವ ಬಗೆ ತೋರಿಸಿದ. ಮೊದಲು ಬಡಿತ, ಆಮೇಲೆ ಯಾರ ಅಪ್ಪಣೆ ಎನ್ನುವುದು, ಕೊನೆಗೆ ಸಂಗತಿ ಎಂದು ಹೇಳಿಕೊಟ್ಟ. ಯಾರ ಅಪ್ಪಣೆ ಎನ್ನುವುದನ್ನು ತಡವರಿಸದೆ ಹೇಳಬೇಕು, ಜನ ನಂಬುವುದು ಅದನ್ನೇ ಎಂದ.

ನಮ್ಮ ಹಟ್ಟಿಯಲ್ಲಿ ಮೊದಲು ಸಾರಿದೆ. ಬಡಿತ ಸರಿಯಾಗಿ ಬೀಳಲಿಲ್ಲ, ಹುಡುಗರು ಕೇಕೆ ಹಾಕಿ ಹಿಂದೆ ಬಂದರು. ಕುರುಬರ ಬೀದಿಗೆ ಬರುವಷ್ಟರಲ್ಲಿ ಕೈ ಕುದುರಿತು. ಪಟೇಲರ ಬೀದಿಯ ತಿರುವಿನಲ್ಲಿ ಈ ಸಲ ನಿಲ್ಲಲಿಲ್ಲ. ಅವರ ಜಗಲಿಯ ಎದುರಿಗೇ ಹೋಗಿ ನಿಂತು, ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆಯುವವರೆಗೂ ಬಡಿದೆ.

"ಕೇಳ್ರಪ್ಪೋ ಕೇಳಿ! ಮೈಸೂರು ಸರ್ಕಾರದ ಅಪ್ಪಣೆ! ಫೆಬ್ರವರಿ ಒಂದನೇ ತಾರೀಖಿನಿಂದ ಊರಲ್ಲಿ ವಂಶದ ಹುದ್ದೆ ಯಾವ್ದೂ ಇಲ್ಲ! ತೋಟಿ ಇಲ್ಲ, ತಳವಾರ ಇಲ್ಲ, ಶಾನುಭೋಗ್ರಿಲ್ಲ, ಪಟೇಲ್ರೂ ಇಲ್ಲ! ತೋಟಿ ಭೂಮಿ ತೋಟಿ ಮನೇದೇ! ಕೇಳ್ರಪ್ಪೋ ಕೇಳಿ!"

ತೋಟಿ ಇಲ್ಲ ಎಂದಾಗ ಸುಮ್ಮನಿದ್ದ ಜನ, ಪಟೇಲರೂ ಇಲ್ಲ ಎಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರು ಮನೆಯ ಮುದುಕಿ, ಆ ಹುಡುಗಿ ಏನೆಂದಳು, ಇನ್ನೊಂದು ಸಲ ಹೇಳಿಸಿ ಎಂದು ಕೇಳಿದಳು. ನಾನು ಇನ್ನೊಂದು ಸಲ ಹೇಳಿದೆ. ಪಟೇಲರು ಹೆಗಲ ಮೇಲಿನ ಟವಲು ಜಾರಿದ್ದನ್ನೂ ಗಮನಿಸದೆ ಮೆಟ್ಟಿಲಿಳಿದು ಬಂದರು. ನನ್ನ ಕೈಯಿಂದ ಕೋಲು ಕಿತ್ತುಕೊಳ್ಳಲು ಕೈ ಚಾಚಿದವರು ತಟ್ಟನೆ ಹಿಂದೆ ತೆಗೆದರು. ನಮ್ಮ ಮನೆಯ ಕೋಲನ್ನು ಅವರು ಮುಟ್ಟುವಂತಿರಲಿಲ್ಲ. ಅವರ ಮಡಿ ಅಂದು ಮೊದಲ ಸಲ ನನಗೆ ಉಪಕಾರ ಮಾಡಿತು.

ಅವರು ನನ್ನನ್ನು ದಾಟಿ ನನ್ನ ಹಿಂದಕ್ಕೆ ನೋಡುತ್ತಾ ಕೂಗಿದರು. "ಲೇ ಮಾರ, ಮಗಳನ್ನ ಎಳ್ಕೊಂಡು ಓಗು. ಬೂಮಿ ಆಸೆ ಇದ್ರೆ ಈಗ್ಲೇ ಎಳ್ಕೊಂಡು ಓಗು."

ನಾನು ತಿರುಗಿ ನೋಡಿದೆ. ಅಪ್ಪ ಕೋಲೂರಿಕೊಂಡು ಕುಂಟುತ್ತಾ ಬೀದಿಯ ನಡುವೆ ಬರುತ್ತಿದ್ದ. ಒಂದೊಂದು ಹೆಜ್ಜೆಗೂ ನೋವಿನಿಂದ ತುಟಿ ಕಚ್ಚುತ್ತಿದ್ದ. ಅವನ ಕಂಕುಳು ಬರಿದಾಗಿತ್ತು. ಮೆಟ್ಟು ಕಾಲಲ್ಲಿತ್ತು, ಒಣಗಿದ ಚರ್ಮ ಆ ಬೀದಿಯ ನೆಲದ ಮೇಲೆ ಮೊದಲ ಸಲ ಕಿರುಗುಟ್ಟುತ್ತಿತ್ತು. ಅದನ್ನು ನಾನು ನೋಡಿದೆ, ಪಟೇಲರೂ ನೋಡಿದರು, ಬಾಗಿಲಲ್ಲಿ ನಿಂತಿದ್ದವರೆಲ್ಲ ನೋಡಿದರು.

ಅಪ್ಪ ನನ್ನ ಪಕ್ಕಕ್ಕೆ ಬಂದು ನಿಂತು ಉಸಿರು ಸುಧಾರಿಸಿಕೊಂಡ. ಸಾರುವಾಗಿನ ತನ್ನ ದೊಡ್ಡ ದನಿಯಲ್ಲಿ, ಇಡೀ ಬೀದಿಗೆ ಕೇಳುವಂತೆ ಹೇಳಿದ.

"ಸಾರಾಯ್ತು ಸ್ವಾಮಿ. ಕಾಯ್ದೆ ಊರಿಗೆ ಬಂತು. ಬಾಗಲೂರ್ನೋರ್ಗೆ ಬರ್ಬೇಡಿ ಅಂತ ಏಳಿ ಕಳಿಸ್ತೀನಿ. ನನ್ ಮಗ್ಳಿಗೆ ಪರೀಕ್ಷೆ ಐತೆ."