ಪಂಪಿನ ಮುಂದಿನ ಜಾಲರಿ

"ತಣ್ಣಗಿರೋದಕ್ಕೆ ಇದಕ್ಕೇನು ದಾಡಿ?"

ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಎದುರಿನ ಕಂಪ್ಯೂಟರ್ ಪರದೆ ಆಗಷ್ಟೇ ಕಪ್ಪಾಗಿತ್ತು. ಅದಕ್ಕೆ ಮುಂಚೆ ಮೂಲೆಯಲ್ಲಿದ್ದ ಶಾಖದ ಅಂಕಿ ನಲವತ್ತರಿಂದ ತೊಂಬತ್ತೈದಕ್ಕೆ ಒಂದೇ ಉಸಿರಿಗೆ ಏರಿದ್ದನ್ನು ಅವಳು ನೋಡಿದ್ದಳು. ಪ್ರೊಸೆಸರ್ ಅಷ್ಟು ಕಾದರೆ ಯಂತ್ರ ತಾನಾಗಿಯೇ ಆರಿಹೋಗುತ್ತದೆ. ಅಲ್ಲಿಯವರೆಗೆ ಮಾಡಿದ ಕೆಲಸ ನೀರಿನಲ್ಲಿ ಹೋಮ.

ಅವಳದು ಹಳೆಯ ಧ್ವನಿಮುದ್ರಣಗಳನ್ನು ಸ್ವಚ್ಛ ಮಾಡುವ ಕೆಲಸ. ಕಣ್ಣು ಕಾಣದವರಿಗೆ ಪುಸ್ತಕ ಕೇಳಿಸುವ ಗ್ರಂಥಾಲಯವೊಂದು ಕ್ಯಾಸೆಟ್ಟುಗಳನ್ನು ಕಳಿಸುತ್ತಿತ್ತು. ಅವಳು ಅವುಗಳ ಗೊರಗೊರ ತೆಗೆದು ಹಿಂದಿರುಗಿಸುತ್ತಿದ್ದಳು. ಈ ಸಲದವು ಮಾತ್ರ ಅವಳೇ ಹುಡುಕಿ ತಂದವು. ಅವಳು ಚಿಕ್ಕವಳಿದ್ದಾಗ ಪಕ್ಕದ ಮನೆಯ ಮೇಷ್ಟ್ರು ಸಂಜೆ ಹೊತ್ತು ಕಿಟಕಿಯ ಬಳಿ ಕೂತು ಕಾವ್ಯ ಓದುತ್ತಿದ್ದರು. ಅರ್ಥವಾಗದ ವಯಸ್ಸಿನಲ್ಲೇ ಆ ಪದ್ಯಗಳು ಅವಳ ಕಿವಿಯಲ್ಲಿ ಮನೆ ಮಾಡಿದ್ದವು. ಈಗಲೂ ದೇವರ ಮುಂದೆ ಕಣ್ಣು ಮುಚ್ಚಿದರೆ ಮೊದಲು ಕೇಳುವುದು ಆ ದನಿಯೇ. ಗಂಟಲಿನ ಆಪರೇಷನ್ ಆದ ಮೇಲೆ ಮೇಷ್ಟ್ರು ಮಾತಾಡುವುದಿಲ್ಲ, ಸನ್ನೆ ಮಾಡುತ್ತಾರೆ. ಅವರ ಓದು ಉಳಿದಿರುವುದು ಈ ಕ್ಯಾಸೆಟ್ಟುಗಳಲ್ಲೇ. ಶುಕ್ರವಾರದೊಳಗೆ ಕೊಟ್ಟರೆ ಗ್ರಂಥಾಲಯ ಅವರ ಓದನ್ನು ಇಟ್ಟುಕೊಳ್ಳುತ್ತದೆ. ಇಲ್ಲದಿದ್ದರೆ ಅದೇ ಕಾವ್ಯವನ್ನು ಇನ್ನಾರೋ ಓದಿದ್ದು ಸಿದ್ಧವಾಗಿದೆ, ಅದು ಸೇರುತ್ತದೆ. ಅವತ್ತು ಮಂಗಳವಾರ.

ಯಂತ್ರ ಕಟ್ಟಿದವನು ಗಂಡ. ಅವನು ಕಟ್ಟಡಗಳಿಗೆ ನೀರಿನ ಪೈಪು ಕೂರಿಸುವ ಮೇಸ್ತ್ರಿ. ಫ್ಯಾನುಗಳ ಸದ್ದಿನಲ್ಲಿ ಓದುವವರ ಉಸಿರು ತನಗೆ ಕೇಳಿಸುವುದಿಲ್ಲ ಎಂದು ಅವಳು ಒಮ್ಮೆ ಹೇಳಿದ್ದಳು. ಕಂಪ್ಯೂಟರನ್ನು ನೀರಿನಿಂದಲೂ ತಣ್ಣಗಿಡಬಹುದೆಂದು ಅವನಿಗೆ ಎಲ್ಲಿಂದಲೋ ತಿಳಿಯಿತು. ನೀರು ಅಂದಮೇಲೆ ಅವನನ್ನು ಹಿಡಿಯುವವರಿಲ್ಲ. ಪ್ರೊಸೆಸರ್ ಮೇಲೆ ತಾಮ್ರದ ಬ್ಲಾಕು, ಅದರೊಳಗೆ ಹರಿಯಲು ಬ್ಯಾಟರಿಗೆ ಹಾಕುವ ಶುದ್ಧ ನೀರು, ಅದನ್ನು ದೂಡಲು ಮುಷ್ಟಿಯಷ್ಟು ಪಂಪು, ಆರಿಸಲು ರೇಡಿಯೇಟರು. ಎಲ್ಲವನ್ನೂ ತಾನೇ ತಂದು ಜೋಡಿಸಿದ. ಮೊದಮೊದಲು ಕೋಣೆಯಲ್ಲಿ ಗಡಿಯಾರದ ಸದ್ದೇ ದೊಡ್ಡದಾಗಿತ್ತು. ಅದನ್ನೂ ಅವನೇ ಹೊರಗೆ ಒಯ್ದು ಅಡುಗೆಮನೆಯಲ್ಲಿ ನೇತುಹಾಕಿದ.

ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದ ಅವಳ ತಮ್ಮ ಮಧ್ಯಾಹ್ನ ಬಂದ. ಯಂತ್ರದ ಪೆಟ್ಟಿಗೆಯ ಪಕ್ಕದ ಹಲಗೆ ತೆಗೆದು ಒಳಗೆ ಬಗ್ಗಿ ನೋಡಿದ.

"ಭಾವ, ನಿಮಗೆ ಬಾವಿ ಕೊಟ್ಟರೂ ಅದಕ್ಕೊಂದು ನಲ್ಲಿ ಹಾಕ್ತೀರಿ."

"ನಿನ್ನ ಅಂಗಡಿ ಯಂತ್ರಗಳು ಹಿಟ್ಟಿನ ಗಿರಣಿ ಥರ ಕೂಗ್ತವೆ. ಅದಕ್ಕಿಂತ ವಾಸಿ," ಎಂದ ಗಂಡ. ಕೆಲಸಕ್ಕೆ ಹೋಗದೆ ಉಳಿದಿದ್ದ. ಟಾರ್ಚು ಹಿಡಿದು ನಿಂತಿದ್ದ.

ತಮ್ಮ ತಾಮ್ರದ ಬ್ಲಾಕನ್ನು ಬಿಚ್ಚಿ, ಅದರಡಿ ಒಣಗಿದ್ದ, ಶಾಖ ದಾಟಿಸುವ ಬೂದು ಪೇಸ್ಟನ್ನು ಒರೆಸಿ, ಹೊಸದು ಹಚ್ಚಿ ಮತ್ತೆ ಬಿಗಿದ. "ನೂರಕ್ಕೆ ತೊಂಬತ್ತು ಸಲ ಇದೇ ಇರುತ್ತೆ, ಅಕ್ಕ."

ಯಂತ್ರ ಹಚ್ಚಿದರು. ಅವಳು ಅದನ್ನು ಕೆಲಸಕ್ಕೆ ಬಿಟ್ಟಳು. ಅಂಕಿ ತೊಂಬತ್ತೈದಕ್ಕೆ ಏರಿತು. ಪರದೆ ಕಪ್ಪಾಯಿತು.

"ಇದು ಉಳಿದ ಹತ್ತರ ಪೈಕಿ," ಎಂದ ಗಂಡ.

"ಶಾಖ ಅಳೆಯೋ ಸೆನ್ಸರ್ ಸುಳ್ಳು ಹೇಳ್ತಿರಬಹುದು," ಎಂದ ತಮ್ಮ.

"ನನ್ನ ಕಡೆ ತಪ್ಪಿಲ್ಲ ನೋಡು. ರೇಡಿಯೇಟರ್ ಮುಟ್ಟು. ಮಡಕೆ ನೀರಿನಷ್ಟು ತಣ್ಣಗಿದೆ." ಅವನ ದನಿಯಲ್ಲಿ ಹೆಮ್ಮೆಯಿತ್ತು.

ತಮ್ಮ ಮುಟ್ಟಿದ. ಹೌದೆಂದು ತಲೆಯಾಡಿಸಿದ. ಆಮೇಲೆ ನಿಧಾನವಾಗಿ ಹೇಳಿದ, "ಅಕ್ಕ, ನನ್ನ ಮಾತು ಕೇಳು. ಅಂಗಡಿಯಿಂದ ಫ್ಯಾನಿನ ಯಂತ್ರ ಕಳಿಸ್ತೀನಿ. ಶುಕ್ರವಾರ ದಾಟೋವರೆಗೆ."

ಗಂಡ ಟಾರ್ಚು ಆರಿಸಿದ.

"ಇನ್ನೊಂದು ಸಲ ಹಚ್ಚಿ. ಇಬ್ಬರೂ ಸ್ವಲ್ಪ ಹೊತ್ತು ಬಾಯಿಗೆ ಬೀಗ ಹಾಕ್ಕೊಳ್ಳಿ," ಎಂದು ಅವಳು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು ಕಿವಿ ಹತ್ತಿರ ತಂದಳು.

ಪಂಪು ಸಣ್ಣಗೆ ಕೂಗುತ್ತಿತ್ತು. ಕೆಟ್ಟ ಸದ್ದೇನಲ್ಲ. ಆದರೆ ಮೊದಲಿನದಕ್ಕಿಂತ ಮೇಲಿನ ಶ್ರುತಿ. ಮೇಷ್ಟ್ರು ಓದುತ್ತಿದ್ದ ಆರು ಸಾಲಿನ ಪದ್ಯದಲ್ಲಿ ಮೂರನೆಯ ಸಾಲು ಉದ್ದ. ಉಸಿರು ತುಂಬಿಕೊಳ್ಳದೆ ಅದಕ್ಕೆ ಕೈಹಾಕಿದವರ ದನಿ ಕೊನೆಕೊನೆಗೆ ಹೀಗೇ ತೆಳ್ಳಗಾಗುತ್ತದೆ. ಮೇಷ್ಟ್ರಿಗೆ ಒಮ್ಮೆಯೂ ಹಾಗಾದದ್ದಿಲ್ಲ, ಪಕ್ಕದಲ್ಲಿ ಕೂತು ಓದಲು ಕಲಿಯುತ್ತಿದ್ದವರಿಗೆ ಆಗುತ್ತಿತ್ತು.

ಅವಳು ಬ್ಲಾಕಿನಿಂದ ಹೊರಬರುವ ಪೈಪನ್ನು ಹಿಡಿದಳು. ಕೈ ಸುಟ್ಟಂತಾಯಿತು. ಒಳಹೋಗುವ ಪೈಪನ್ನು ಹಿಡಿದಳು. ತಣ್ಣಗಿತ್ತು.

"ರೇಡಿಯೇಟರ್ ತಣ್ಣಗಿರೋದೇ ತಪ್ಪು," ಎಂದಳು. "ಬಿಸಿನೀರು ಅಲ್ಲಿಗೆ ಬರ್ತಾನೇ ಇಲ್ಲ. ನೀರು ತೆವಳ್ತಿದೆ, ಪಂಪಿಗೇ ಸಾಲ್ತಿಲ್ಲ. ರೀ, ಪಂಪಿಗೆ ಮುಂಚೆ ಏನಿದೆ?"

"ಏನೂ ಇಲ್ಲ. ತೊಟ್ಟಿ ಇದೆ, ಪೈಪಿದೆ, ಜಾಲರಿ ಇದೆ, ಪಂಪು."

ತಮ್ಮ ತಲೆಯೆತ್ತಿದ. "ಜಾಲರಿನಾ?"

"ಮತ್ತೆ? ಪಂಪಿಗೆ ಕಸ ಹೋಗಬಾರದಲ್ಲ."

"ಬೆಳಗ್ಗೆ ಫೋನಿನಲ್ಲಿ ಕೇಳಿದೆ, ಒಳಗೆ ಏನೇನು ಹಾಕಿದೀರಿ ಅಂತ. ಜಾಲರಿ ಅನ್ನೋ ಮಾತೇ ಎತ್ತಲಿಲ್ಲ ನೀವು."

"ಅಡುಗೆ ಹೇಗೆ ಮಾಡಿದೆ ಅಂದರೆ ಒಲೆ ಹಚ್ಚಿದೆ ಅಂತಾನೂ ಹೇಳಬೇಕೇನೋ? ಪಂಪಿನ ಮುಂದೆ ಜಾಲರಿ ಹಾಕದವನು ಮೇಸ್ತ್ರಿನಾ?"

ನೀರನ್ನು ಬಕೆಟ್ಟಿಗೆ ಇಳಿಸಿದರು. ಗಂಡ ಪಂಪಿನ ಬಾಯಿಯ ಹಿತ್ತಾಳೆ ತುಂಡನ್ನು ಬಿಚ್ಚಿ, ಅದರೊಳಗಿನ ಸಣ್ಣಕಣ್ಣಿನ ಜಾಲರಿಯನ್ನು ಅಂಗೈ ಮೇಲೆ ತಟ್ಟಿದ. ಬೆಳ್ಳಗಿನ ಮುದ್ದೆಯೊಂದು ಬಿತ್ತು. ತಮ್ಮ ಅದನ್ನು ಪಾಚಿ ಅಂದುಕೊಂಡ. ಗಂಡ ಬೆರಳುಗಳ ನಡುವೆ ಹೊಸಕಿದ. ಹೊಸಕುತ್ತಲೇ ಇದ್ದ.

"ಟೇಪು," ಎಂದ ಕೊನೆಗೆ.

ನೀರಿನ ಪೈಪು ಸೋರದಿರಲೆಂದು ಅದರ ತಿರುಪಿಗೆ ಸುತ್ತುವ ಬಿಳಿ ಟೇಪು ಅದು. ಇಲ್ಲಿನ ಪ್ರತಿ ಜೋಡಣೆಯಲ್ಲೂ ರಬ್ಬರ್ ಉಂಗುರವಿತ್ತು, ಟೇಪು ಬೇಕಿರಲಿಲ್ಲ. ಆದರೂ ಅವನ ಕೈ ತನ್ನಷ್ಟಕ್ಕೆ ಸುತ್ತಿತ್ತು. ಬಿಗಿಯುವಾಗ ಒಳಗಡೆ ಕತ್ತರಿಸಿಹೋದ ಎಳೆಗಳು ಇಷ್ಟು ದಿನ ನೀರಿನಲ್ಲಿ ಸುತ್ತಿ ಸುತ್ತಿ ಜಾಲರಿಗೆ ಬಂದು ಸೇರಿದ್ದವು.

"ತಾವೇ ಕಸ ಹಾಕಿ, ತಾವೇ ಜಾಲರಿ ಇಟ್ಟು ಹಿಡಿದಿದೀರಿ," ಎಂದ ತಮ್ಮ. "ಹೊರಗಿನವರ ಕೆಲಸವೇ ಇಲ್ಲ."

"ಜಾಲರಿ ಇರದಿದ್ದರೆ ಇದೆಲ್ಲ ಬ್ಲಾಕಿಗೆ ಹೋಗ್ತಿತ್ತು. ಅಲ್ಲಿನ ಸಂದು ಕೂದಲಿನಷ್ಟು. ಆಗ ಏನು ಮಾಡ್ತಿದ್ದೆ?"

ಅದೂ ನಿಜವೇ.

ಮಾರನೆಯ ದಿನ ಗಂಡ ಕೂತು ಒಂದೊಂದೇ ಜೋಡಣೆ ಬಿಚ್ಚಿ, ಟೇಪು ಕೆರೆದು ತೆಗೆದ. ಬ್ಲಾಕನ್ನೂ ಪೈಪುಗಳನ್ನೂ ನೀರು ಬಿಟ್ಟು ತೊಳೆದ. ರೇಡಿಯೇಟರನ್ನು ಅಲುಗಿಸಿ ಅಲುಗಿಸಿ ಒಳಗಿನ ನೀರು ಬಗ್ಗಿಸಿದ. ಜಾಲರಿಯನ್ನು ಮತ್ತೆ ಇಡಲು ಹೋದಾಗ, ಅಂದೂ ಬಂದಿದ್ದ ತಮ್ಮ ಅದನ್ನು ತನ್ನ ಜೇಬಿಗೆ ಹಾಕಿಕೊಂಡ. ಸಂಜೆಗೆ ಹೊಸ ನೀರು ತುಂಬಿ, ಪೆಟ್ಟಿಗೆಯನ್ನು ಮಗುವಿನಂತೆ ಆಚೆಗೊಮ್ಮೆ ಈಚೆಗೊಮ್ಮೆ ವಾಲಿಸಿ ಗಾಳಿ ಹೊರಗೆ ಬಿಟ್ಟರು. ಯಂತ್ರ ಹಚ್ಚಿದಾಗ ಅಂಕಿ ಅರವತ್ತೆಂಟಕ್ಕೆ ಬಂದು ನಿಂತಿತು. ತಮ್ಮ ಕೈ ಒರೆಸಿಕೊಂಡು ಜಾಲರಿಯನ್ನು ಮೇಜಿನ ಮೇಲಿಟ್ಟು ಹೊರಟ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಕಾವ್ಯದ ಮುಕ್ಕಾಲು ಭಾಗ ಮುಗಿದಿತ್ತು. ಉಳಿದದ್ದು ಒಂದೇ ಉದ್ದನೆಯ ಭಾಗ, ಯಂತ್ರ ಅದನ್ನು ಸ್ವಚ್ಛ ಮಾಡುತ್ತಿತ್ತು. ಅದನ್ನು ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು, ಶುಕ್ರವಾರಕ್ಕೆ ಮುಗಿಯದು. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮುಗಿದದ್ದನ್ನು ಕೇಳುತ್ತಿದ್ದಳು. ಗೊರಗೊರ ಹೋಗಿತ್ತು. ಮೂರನೆಯ ಸಾಲಿಗೆ ಮುಂಚೆ ಮೇಷ್ಟ್ರು ಉಸಿರೆಳೆದುಕೊಳ್ಳುವುದು ಪಕ್ಕದಲ್ಲಿ ಕೂತಷ್ಟು ಸ್ಪಷ್ಟವಾಗಿತ್ತು.

ಗಂಡ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಸ್ಪ್ಯಾನರ್ ಇತ್ತು. ಅವಳು ಹೆಡ್‌ಫೋನ್ ಒಂದು ಕಡೆ ಸರಿಸಿದಳು.

"ತೊಟ್ಟಿಯಲ್ಲಿ ಒಂದು ಬಿಳಿ ಎಳೆ ತೇಲ್ತಿದೆ," ಎಂದ. "ರೇಡಿಯೇಟರಿನಲ್ಲಿ ಉಳಿದಿತ್ತು ಅಂತ ಕಾಣುತ್ತೆ. ಬ್ಲಾಕಿಗೆ ಹೋಗಿ ಕೂತರೆ ಕಷ್ಟ."

"ಒಂದೇನಾ?"

"ಕಾಣೋದು ಒಂದು."

ಅವಳು ಅಂಕಿ ನೋಡಿದಳು. ಅರವತ್ತೆಂಟು. ಪಂಪಿಗೆ ಕಿವಿಗೊಟ್ಟಳು. ಶ್ರುತಿ ಕೆಳಗೇ ಇತ್ತು.

"ದೊಡ್ಡ ಕಣ್ಣಿನ ಜಾಲರಿ ತಂದಿದೀನಿ. ಹಳೇದರ ಥರ ಕಟ್ಕೊಳ್ಳಲ್ಲ. ಸ್ವಲ್ಪ ಹೊತ್ತು ನಿಲ್ಲಿಸು, ಹಾಕಿಬಿಡ್ತೀನಿ."

"ನಿಲ್ಲಿಸಲ್ಲ," ಎಂದು ಅವಳು ಹೆಡ್‌ಫೋನ್ ಮತ್ತೆ ಕಿವಿಗೆ ಎಳೆದುಕೊಂಡಳು.